ತಿಮಿಂಗಿಲ ನೋಡಲು ಹೊರಟ ಹನ್ನೊಂದು ಹೆಂಗಸರು

"ತಿಮಿಂಗಿಲ ನೋಡೋದಕ್ಕೆ ಶ್ರೀಲಂಕಾಗೆ ಹೋಗ್ತೀರಾ? ಟೀವಿಯಲ್ಲೇ ತೋರಿಸ್ತಾರಲ್ರೀ, ಕಾಫಿ ಕುಡೀತಾ ಮನೇಲಿ ಕೂತು ನೋಡಬಹುದು!"

ನಮ್ಮ ಬೀದಿಯಲ್ಲಿ ಹೀಗೆ ಕೇಳದವರೇ ಇರಲಿಲ್ಲ. ನಮ್ಮ ಯಜಮಾನರಂತೂ, "ಹೇಮಾವತಿ ನಾಲೆ ದಾಟುವಾಗಲೇ ಕಣ್ಣು ಮುಚ್ಚಿಕೊಳ್ಳುವವಳು ನೀನು, ಸಮುದ್ರಕ್ಕೆ ಹೋಗ್ತೀಯಾ?" ಎಂದು ನಕ್ಕುಬಿಟ್ಟರು. ನನಗೂ ಒಳಗೊಳಗೇ ಅಳುಕಿತ್ತು. ಆದರೆ ತಿಪಟೂರಿನ ನಮ್ಮ ಮಹಿಳಾ ಮಂಡಳಿಯಲ್ಲಿ ನಾಲ್ಕು ವರ್ಷ ಚೀಟಿ ಕಟ್ಟಿ, ಕೊಬ್ಬರಿ ಮಾರಿದ ಪುಡಿಗಾಸು, ಹಾಲಿನ ದುಡ್ಡು ಎಲ್ಲ ಕೂಡಿಸಿ ಇಟ್ಟಿದ್ದೆವು. ಕಾಶಿಗೆ ಹೋಗೋಣ ಎಂದವರು ಕೆಲವರು, ಊಟಿ ಸಾಕು ಎಂದವರು ಕೆಲವರು. ಕೊನೆಗೆ ಗೆದ್ದದ್ದು ನಮ್ಮಲ್ಲಿರುವ ಒಬ್ಬ ನಿವೃತ್ತ ಉಪಾಧ್ಯಾಯಿನಿಯ ಹಟ. ಆಕೆ ಮೂವತ್ತು ವರ್ಷ ಮಕ್ಕಳಿಗೆ "ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲ" ಎಂದು ಪಾಠ ಹೇಳಿದವರು. "ಒಂದು ಸಲ ಕಣ್ಣಿಂದ ನೋಡಿಬಿಡ್ತೀನಿ ಕಣ್ರೇ" ಎಂದರು. ಹೀಗೆ 2024ರ ಫೆಬ್ರವರಿಯಲ್ಲಿ ಮೂವತ್ತೆಂಟರಿಂದ ಅರವತ್ತೇಳರವರೆಗಿನ ಹನ್ನೊಂದು ಜನ, ಮೊದಲ ಸಲ ಪಾಸ್‌ಪೋರ್ಟ್ ಹಿಡಿದು ಹೊರಟೆವು. ಲೆಕ್ಕಪತ್ರ, ಹಣದ ಚೀಲ ನನ್ನ ಕೈಯಲ್ಲಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ನಮ್ಮೂರಿಂದ ಬೆಂಗಳೂರಿಗೆ ಬರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಅಲ್ಲಿಂದ ವ್ಯಾನಿನಲ್ಲಿ ದಕ್ಷಿಣದ ಮಿರಿಸ್ಸಾ ಎಂಬ ಮೀನುಗಾರರ ಊರಿಗೆ ಹೋಗಬೇಕು. ಚಾಲಕನಿಗೆ ತಮಿಳು ಬರುತ್ತಿತ್ತು. ನಮ್ಮಲ್ಲಿ ಕೋಲಾರದ ಕಡೆಯವರೊಬ್ಬರಿಗೂ ತಮಿಳು ಬರುವುದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಸಿಂಹಳೀಯರ ಮಾತಿನಲ್ಲೂ ನಮಗೆ ಪರಿಚಯದ ಪದಗಳು ಸಿಕ್ಕಿ ಖುಷಿಯಾಯಿತು. ಅಲ್ಲಿಯೂ ಅಮ್ಮ ಎಂದರೆ ಅಮ್ಮನೇ, ಅಕ್ಕ ಎಂದರೆ ಅಕ್ಕನೇ. ತಂಗಿಗೆ 'ನಂಗಿ' ಅಂತಾರೆ. ಅನ್ನಕ್ಕೆ 'ಬತ್', ಅಂದರೆ ನಮ್ಮ ಬಿಸಿಬೇಳೆಬಾತಿನ ಬಾತ್. ಆದರೆ ಅಲ್ಲಿ 'ಆಪ್ಪ' ಎಂದರೆ ನಮ್ಮ ಅಪ್ಪ ಅಲ್ಲ, ಬಟ್ಟಲಿನಂತೆ ಇರುವ ದೋಸೆ. "ಬೆಳಿಗ್ಗೆ ಎರಡು ಆಪ್ಪ ತಿಂದೆ" ಎಂದು ಒಬ್ಬಾಕೆ ಮನೆಗೆ ಫೋನಿನಲ್ಲಿ ಹೇಳಿದ್ದು ಕೇಳಿ ನಕ್ಕೂ ನಕ್ಕೂ ಸಾಕಾಯಿತು.

ತಿಮಿಂಗಿಲ ಅಲ್ಲಿಯೇ ಏಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ದಡ ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ಸಮುದ್ರದ ತಳ ದಿಢೀರನೆ ಆಳವಾಗುತ್ತದೆ. ಆಳದ ನೀರಿನಲ್ಲಿ ಅವುಗಳಿಗೆ ಮೇವು ಹೇರಳ. ನವೆಂಬರಿನಿಂದ ಏಪ್ರಿಲ್‌ವರೆಗೆ ಆ ಕಡೆಯ ಸಮುದ್ರ ಶಾಂತ, ಮಳೆಗಾಲದಲ್ಲಿ ದೋಣಿ ಬಿಡುವಂತಿಲ್ಲ. ಬೇರೆ ಕಡೆಯ ನೀಲಿ ತಿಮಿಂಗಿಲಗಳು ಹೊಟ್ಟೆಪಾಡಿಗೆ ತಣ್ಣನೆಯ ಧ್ರುವದ ಕಡೆಗೂ ಮರಿ ಹಾಕಲು ಬೆಚ್ಚನೆಯ ಕಡಲಿಗೂ ಸಾವಿರಾರು ಮೈಲಿ ಓಡಾಡುತ್ತವಂತೆ. ಇಲ್ಲಿನವು ಹಾಗಲ್ಲ, ವರ್ಷವೆಲ್ಲ ನಮ್ಮ ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲೇ ಇರುತ್ತವೆ. ಇದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮುಖ್ಯರು ಶ್ರೀಲಂಕಾದವರೇ ಆದ ಡಾ. ಆಶಾ ಡಿ ವೋಸ್ ಎಂಬ ಮಹಿಳೆ. 2003ರಲ್ಲಿ ಸಂಶೋಧನೆಯ ಹಡಗೊಂದರಲ್ಲಿ ಹೋಗಿದ್ದಾಗ ಆಕೆ ಆರು ತಿಮಿಂಗಿಲಗಳನ್ನು ಒಟ್ಟಿಗೇ ಕಂಡರು. ನೀರಿನ ಮೇಲೆ ಕೆಂಪಗೆ ಅವುಗಳ ಸಗಣಿ ತೇಲುತ್ತಿತ್ತು. ಸಗಣಿ ಇದೆ ಎಂದರೆ ಇಲ್ಲಿ ಮೇವೂ ಇದೆ, ಬರೀ ಹಾದುಹೋಗುವ ಜೀವಿಗಳಲ್ಲ ಇವು ಎಂದು ಆಕೆಗೆ ಹೊಳೆಯಿತು. ಸಗಣಿ ನೋಡಿ ಹಸುವಿನ ಆರೋಗ್ಯ ಹೇಳುವ ನಮಗೆ ಇದು ಚೆನ್ನಾಗಿ ಅರ್ಥವಾಯಿತು ಬಿಡಿ! ಕೆಂಪೇಕೆಂದರೆ, ಇಷ್ಟು ದೊಡ್ಡ ಪ್ರಾಣಿ ತಿನ್ನುವುದು ಸಣ್ಣ ಸಣ್ಣ ಸಿಗಡಿಗಳನ್ನು.

ಹಿಂದಿನ ದಿನ ಸಂಜೆ, ಕಡಲಿಗೆ ಇಳಿಯುವ ಮೊದಲು ದೇವರಿಗೆ ಕೈಮುಗಿಯಬೇಕು ಎಂದು ಹಿರಿಯರು ಪಟ್ಟು ಹಿಡಿದಿದ್ದರಿಂದ ದೇವುಂದರಕ್ಕೆ ಹೋದೆವು. 'ದೇವಿನುವರ', ಅಂದರೆ ದೇವರ ನಗರ. ಅಲ್ಲಿ ವಿಷ್ಣುವಿನ ಗುಡಿಯಿದೆ. ಹಳೆಯ ದೊಡ್ಡ ದೇವಾಲಯವನ್ನು 1588ರಲ್ಲಿ ಪೋರ್ಚುಗೀಸರು ನಾಶ ಮಾಡಿದರು, ಈಗಿನದು ಆಮೇಲಿನದು. ಬೌದ್ಧ ಹೆಂಗಸರೇ ಬಿಳಿ ಬಟ್ಟೆ ಉಟ್ಟು ಹಣ್ಣಿನ ತಟ್ಟೆ ಹಿಡಿದು ನಿಂತಿದ್ದರು. ನಾವೂ ಅವರ ಹಿಂದೆ ನಿಂತೆವು. ಹತ್ತಿರವೇ ಆ ದೇಶದ ದಕ್ಷಿಣ ತುದಿ. ಅಲ್ಲಿ 1890ರಲ್ಲಿ ಸಿದ್ಧವಾದ 49 ಮೀಟರ್ ಎತ್ತರದ ದೀಪಸ್ತಂಭ ಇದೆ. ಅದರಾಚೆ ಕಡಲೋ ಕಡಲು. ಆ ಕಡಲ ಅಂಚಿನಲ್ಲಿ ಹಡಗುಗಳ ದೀಪ ಒಂದರ ಹಿಂದೊಂದು, ನಮ್ಮ ಹೆದ್ದಾರಿಯಲ್ಲಿ ಲಾರಿಗಳು ಹೋಗುವ ಹಾಗೆ.

ಜಗಳ ನಡೆದದ್ದು ಆ ರಾತ್ರಿ. ದೋಣಿ ಗೊತ್ತು ಮಾಡುವ ಕೆಲಸ ನನ್ನದು. ಒಬ್ಬಾತ ತಲೆಗೆ ನಮ್ಮ ಎರಡೂವರೆ ಸಾವಿರ ರೂಪಾಯಿ ಹೇಳಿ, "ಗ್ಯಾರಂಟಿ, ಹತ್ತಿರ, ತುಂಬಾ ಹತ್ತಿರ!" ಎಂದು ಕೈ ತೋರಿಸಿದ. ನಾನು ಇನ್ನೂರು ಇಳಿಸಿದೆ. ಬಂದು ಹೇಳಿದರೆ ಮೇಡಂ ಒಪ್ಪಲಿಲ್ಲ. ಆಕೆ ಮೂರು ಪ್ರಶ್ನೆ ಬರೆದುಕೊಂಡು ಬಂದಿದ್ದರು. ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ? ಎಂಜಿನ್ ನಿಧಾನ ಮಾಡುತ್ತೀರಾ? ತಿಮಿಂಗಿಲ ಕಾಣದಿದ್ದರೆ ಏನು ಮಾಡುತ್ತೀರಿ? ಆ ದೇಶದಲ್ಲಿ 2012ರಿಂದ ನಿಯಮವಿದೆ, ತಿಮಿಂಗಿಲಕ್ಕೆ 100 ಮೀಟರಿಗಿಂತ ಹತ್ತಿರ ದೋಣಿ ಹೋಗುವಂತಿಲ್ಲ. "ಹತ್ತಿರ ತೋರಿಸ್ತೀನಿ ಅನ್ನೋನು ಕಾನೂನು ಮುರೀತೀನಿ ಅಂತಾನೇ ಹೇಳ್ತಿದಾನೆ" ಎಂದರು. ಆಕೆ ವಿಚಾರಿಸಿದ ದೋಣಿಗೆ ತಲೆಗೆ ನಾಲ್ಕು ಸಾವಿರ. ಹನ್ನೊಂದು ಜನಕ್ಕೆ ಎಷ್ಟು ವ್ಯತ್ಯಾಸವಾಯಿತು ನೀವೇ ಲೆಕ್ಕ ಹಾಕಿ! "ನಿಮಗೆ ಪೆನ್ಷನ್ ಬರುತ್ತೆ, ನಮಗೆ ಬರಲ್ಲ" ಎಂದು ಒಬ್ಬಾಕೆ ಅಂದುಬಿಟ್ಟರು. ಮಾತು ಬೆಳೆಯಿತು. ಕೊನೆಗೆ ಸೀರೆ ಅಂಗಡಿಗೆಂದು ಇಟ್ಟಿದ್ದ ಹಣ ತೆಗೆದು ಕೊಟ್ಟೆ. ಆದರೆ ಮನಸ್ಸಿನಲ್ಲಿ ಸಮಾಧಾನವಿರಲಿಲ್ಲ, ನಿಜ ಹೇಳುತ್ತೇನೆ.

ಬೆಳಿಗ್ಗೆ ಆರಕ್ಕೆ ಬಂದರಿನಲ್ಲಿದ್ದೆವು. ರಾತ್ರಿಯೆಲ್ಲ ಮೀನು ಹಿಡಿದ ದೋಣಿಗಳು ಬಂದು ನಿಂತಿದ್ದವು. ಮೊಳದುದ್ದದ ಮೀನುಗಳನ್ನು ಎಳೆದು ಹಾಕುವುದು, ಕೂಗು, ನಾತ... ಸೆರಗಿನಿಂದ ಮೂಗು ಮುಚ್ಚಿಕೊಂಡವರು ಅರ್ಧ ಮಂದಿ. 2004ರ ಡಿಸೆಂಬರ್ 26ರ ಸುನಾಮಿ ಈ ಕರಾವಳಿಯನ್ನೇ ತೊಳೆದುಹಾಕಿತ್ತು. ಆ ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ದೋಣಿ, ಬಲೆ ಕಳೆದುಕೊಂಡ ಮನೆಗಳ ಹುಡುಗರು ಕೆಲವರು ಆಮೇಲೆ ಈ ತಿಮಿಂಗಿಲ ತೋರಿಸುವ ಕೆಲಸಕ್ಕೆ ಬಂದರು. 2009ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಪ್ರವಾಸಿಗರು ಹೆಚ್ಚಿ, ಈಗ ಅದೇ ಊರಿನ ದೊಡ್ಡ ಜೀವನೋಪಾಯ. ನಮ್ಮ ದೋಣಿಯ ಸಹಾಯಕ ಹುಡುಗನೂ ಮೀನುಗಾರನ ಮಗನೇ.

ಇಲ್ಲಿ ಸ್ವಲ್ಪ ಅನುಭವದ ಮಾತು. ನೀವು ಹೋಗುವುದಾದರೆ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಹೊಟ್ಟೆ ತುಂಬ ತಿಂದೂ ಹೋಗಬೇಡಿ. ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಸಾಕು. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವ ಮುಂಚೆಯೇ ನುಂಗಿ. ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಆಚೆಗೇ ಬರುತ್ತದೆ. ದೋಣಿಯ ಮಹಡಿಗೆ ಏರಬೇಡಿ, ತೂಗಾಟ ಅಲ್ಲಿ ಹೆಚ್ಚು. ಕೆಳಗೆ ನಡುವೆ ಕೂತು ದೂರದ ಗೆರೆಯನ್ನೇ ನೋಡುತ್ತಿರಿ, ಕೈಯಲ್ಲಿನ ಫೋನನ್ನಲ್ಲ. ಹರಳುಪ್ಪು ಹಚ್ಚಿದ ಒಣಶುಂಠಿ ಬಾಯಲ್ಲಿರಲಿ. ಸೀರೆ ಉಟ್ಟು ಲೈಫ್ ಜಾಕೆಟ್ ಹಾಕಿಕೊಳ್ಳುವುದು ಪಾಡಲ್ಲ, ಚೂಡಿದಾರವೇ ಅನುಕೂಲ. ಇಷ್ಟೆಲ್ಲ ಮಾಡಿಯೂ ನಮ್ಮಲ್ಲಿ ನಾಲ್ವರು ವಾಂತಿ ಮಾಡಿಕೊಂಡರು. ಕಣ್ಣು ಮುಚ್ಚಿಕೊಳ್ಳುತ್ತಾಳೆಂದು ಯಜಮಾನರು ನಗೆಯಾಡಿದ ನನಗೆ ಮಾತ್ರ ಏನೂ ಆಗಲಿಲ್ಲ!

ಒಂದು ಗಂಟೆ ಹೋದ ಮೇಲೆ ಡಾಲ್ಫಿನ್‌ಗಳು ಬಂದವು. ನೀರಿನಿಂದ ಹಾರಿ ಬುಗುರಿಯಂತೆ ತಿರುಗಿ ಬೀಳುತ್ತವೆ. ಮಕ್ಕಳಂತೆ ಚಪ್ಪಾಳೆ ತಟ್ಟಿದೆವು. ಆಮೇಲೆ ಬರೀ ನೀರು. ಎಂಟು ಗಂಟೆಯಾಯಿತು, ಎಂಟೂವರೆ ಆಯಿತು. "ನಾಲ್ಕು ಸಾವಿರ..." ಎಂದು ಹಿಂದಿನಿಂದ ಯಾರೋ ಗೊಣಗಿದ್ದು ಕೇಳಿಸಿತು.

ಆಗ ಹುಡುಗ ಕೂಗಿದ, "ತಲ್ಮಸಾ!" ಸಿಂಹಳದಲ್ಲಿ ತಿಮಿಂಗಿಲಕ್ಕೆ ಹಾಗೆನ್ನುತ್ತಾರೆ. ದೂರದಲ್ಲಿ ಒಂದು ಬಿಳಿ ಹೊಗೆ ನೇರಕ್ಕೆ ಎದ್ದಿತು. ನಮ್ಮ ಆಲೆಮನೆಯ ಚಿಮಣಿಯಿಂದ ಒಮ್ಮೆಗೇ ಉಫ್ ಎಂದು ಬಿಟ್ಟ ಹಾಗೆ. ಮಕ್ಕಳ ಪುಸ್ತಕದಲ್ಲಿ ಕಾರಂಜಿ ಬರೆದಿರುತ್ತಾರಲ್ಲ, ಅದು ನೀರಲ್ಲವಂತೆ, ಅದರ ಉಸಿರು. ಮೂವತ್ತು ಅಡಿಯವರೆಗೂ ಏಳುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಹೊಗೆ, ಅರ್ಧದಷ್ಟು. ತಾಯಿ ಮತ್ತು ಮರಿ! ಮೇಡಂ ನನ್ನ ತೋಳು ಹಿಡಿದ ಹಿಡಿತ ಇನ್ನೂ ನೆನಪಿದೆ. ಹುಟ್ಟಿದಾಗಲೇ ಮರಿ ಸುಮಾರು 7 ಮೀಟರ್ ಉದ್ದ ಇರುತ್ತದಂತೆ, ನಮ್ಮ ನಡುಮನೆಯಷ್ಟು. ದಿನಕ್ಕೆ ಇನ್ನೂರು ಲೀಟರಿನಷ್ಟು ಹಾಲು ಕುಡಿಯುತ್ತದಂತೆ. ಆರೇಳು ತಿಂಗಳು ತಾಯಿ ಕುಡಿಸುತ್ತಾಳೆ. ಮೀನಲ್ಲ ನೋಡಿ ಅದು, ನಮ್ಮ ಹಾಗೆ ಹೆತ್ತು ಹಾಲೂಡಿಸುವ ಜೀವ.

ದೋಣಿ ನಿಂತುಬಿಟ್ಟಿತು. ಎಂಜಿನ್ ಗುರುಗುಟ್ಟುವುದೂ ಸಣ್ಣಗಾಯಿತು. ಕಂಡದ್ದು ಏನು? ದೂರದಲ್ಲಿ ಬೂದುನೀಲಿ ಬೆನ್ನಿನ ಒಂದು ಚೂರು, ಮೇಲೆದ್ದು ಮುಳುಗುವುದು. ಇಷ್ಟೇನಾ? ಅಷ್ಟರಲ್ಲಿ ಪಕ್ಕದಿಂದ ಬೇರೆ ದೋಣಿಗಳು ನಮ್ಮನ್ನು ದಾಟಿ ಮುಂದಕ್ಕೆ ಹೋದವು. ಅವರೆಲ್ಲ ಹತ್ತಿರದಿಂದ ನೋಡುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಹಣದ ಚೀಲ ನನ್ನ ಕೈಯಲ್ಲಿತ್ತು ಎಂದೆನಲ್ಲ. ಎದ್ದು ಹೋಗಿ, ಆ ಹುಡುಗನ ಕೈಗೆ ಅವರ ದೇಶದ ಎರಡು ಸಾವಿರದ ನೋಟು ತುರುಕಿ, ಮುಂದೆ ಹೋಗು ಎಂದು ಸನ್ನೆ ಮಾಡಿದೆ. ನಮ್ಮೂರಿನಲ್ಲಿ ಬಸ್ ಕಂಡಕ್ಟರಿಗೆ ಸೀಟಿಗಾಗಿ ಕೊಡುವಂತೆ! ಅವನು ನೋಟನ್ನು ಮಡಿಸಿ ನನ್ನ ಕೈಗೇ ವಾಪಸು ಇಟ್ಟ. ಸಿಟ್ಟು ಮಾಡಲಿಲ್ಲ. "ಅಕ್ಕಾ, ನೋಡಿ" ಎಂದು ಬೆರಳು ತೋರಿಸಿದ.

ನೋಡಿದೆ. ಎರಡು ದೋಣಿಗಳು ಆ ಎರಡು ಹೊಗೆಗಳ ನಡುವೆಯೇ ಹೋಗಿಬಿಟ್ಟಿದ್ದವು. ದೊಡ್ಡ ಹೊಗೆ ಬಲಕ್ಕೆ, ಸಣ್ಣ ಹೊಗೆ ಎಡಕ್ಕೆ. ಸಣ್ಣದು ಬೇಗ ಬೇಗ ಏಳುತ್ತಿತ್ತು, ಉಸಿರಿಗೆ ಉಸಿರು ಸೇರದ ಹಾಗೆ. ದೋಣಿಗಳ ಮೇಲೆ ಜನ ಫೋನು ಎತ್ತಿ ಹಿಡಿದು ಕೂಗುತ್ತಿದ್ದರು. ನಮ್ಮ ದೋಣಿಯಲ್ಲಿ ಎಲ್ಲರೂ ಸುಮ್ಮನಾದರು. ಧರ್ಮಸ್ಥಳದಲ್ಲಿ ಜನಜಂಗುಳಿಯಲ್ಲಿ ಒಮ್ಮೆ ನನ್ನ ಮಗ ಕೈತಪ್ಪಿ ಹತ್ತು ನಿಮಿಷ ಸಿಕ್ಕಿರಲಿಲ್ಲ. ಆಗ ಅವನಿಗೆ ನಾಲ್ಕು ವರ್ಷ. ಆ ಹತ್ತು ನಿಮಿಷ ನೆನಪಾಗಿ ಹೊಟ್ಟೆ ಕಿವುಚಿತು. ದೊಡ್ಡದು ಬೆನ್ನು ಬಗ್ಗಿಸಿ, ಬಾಲವನ್ನು ಪೂರ್ತಿ ನೀರಿನಿಂದ ಮೇಲೆತ್ತಿ, ಒಂದು ಕ್ಷಣ ಹಾಗೇ ನಿಲ್ಲಿಸಿ ಮುಳುಗಿತು. ನಮ್ಮ ಮನೆಯ ಚಪ್ಪರದಷ್ಟು ಅಗಲದ ಬಾಲ. ಸಣ್ಣದೂ ಕಾಣದಾಯಿತು. ನೀರಿನ ಮೇಲೆ ಎಣ್ಣೆ ಹರಡಿದಂತೆ ನುಣುಪಾದ ಒಂದು ವೃತ್ತ ಮಾತ್ರ ಉಳಿಯಿತು.

ಬೇರೆ ದೋಣಿಗಳು ಇನ್ನೊಂದು ಕಡೆಗೆ ಓಡಿದವು. ನಾವು ಅಲ್ಲೇ ಕಾದೆವು. ಐದು ನಿಮಿಷ, ಹತ್ತು, ಹದಿನೈದು. ವಾಂತಿಯಾಗಿ ಮಲಗಿದ್ದವರೂ ಎದ್ದು ಕೂತರು. ಯಾರೂ ನಾಲ್ಕು ಸಾವಿರದ ಮಾತೆತ್ತಲಿಲ್ಲ. ಕೊನೆಗೆ ತುಂಬಾ ದೂರದಲ್ಲಿ, ಹಡಗುಗಳು ಹೋಗುವ ಕಡೆಗೆ, ಹುಡುಗ ದುರ್ಬೀನಿನಲ್ಲಿ ನೋಡಿ ಎರಡು ಬೆರಳು ಎತ್ತಿದ. ಎರಡು ಹೊಗೆ, ಜೊತೆಯಲ್ಲಿ. ನನಗೆ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಅವನ ಮಾತು ನಂಬಿದೆ.

ಆದರೆ ಆ ಹಡಗಿನ ದಾರಿಯೇ ಅವುಗಳಿಗೆ ಯಮ. ಪೂರ್ವ ಪಶ್ಚಿಮ ದೇಶಗಳ ನಡುವೆ ಹೋಗುವ ಹಡಗುಗಳು ಇಲ್ಲಿ ಸುತ್ತಿಕೊಂಡು ಹೋಗುವುದರಿಂದ ಲೋಕದಲ್ಲೇ ಅತಿ ಹೆಚ್ಚು ಸಂಚಾರವಿರುವ ದಾರಿಗಳಲ್ಲಿ ಇದೊಂದು. ತಿಮಿಂಗಿಲಗಳು ಮೇಯುವುದೂ ಅಲ್ಲೇ. 2012ರ ಮಾರ್ಚಿನಲ್ಲಿ ಕೊಲಂಬೊ ಬಂದರಿಗೆ ಬಂದ ಹಡಗೊಂದರ ಮೂತಿಗೆ ನೀಲಿ ತಿಮಿಂಗಿಲದ ಹೆಣ ಸಿಕ್ಕಿಕೊಂಡಿತ್ತು. ದಾರಿಯನ್ನು ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿದರೆ ಬಹಳಷ್ಟು ಜೀವ ಉಳಿಯುತ್ತವೆ ಎಂದು ವಿಜ್ಞಾನಿಗಳು ಬಹುಕಾಲ ಕೇಳಿಕೊಂಡರು. 2022ರ ಮಧ್ಯದಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತಾನಾಗಿಯೇ ಹಾಗೆ ಸರಿದು ಹೋಗಲು ಶುರುಮಾಡಿತು. ನಮ್ಮ ಪೇಪರಿನಲ್ಲಿ ತಿಮಿಂಗಿಲ ಎಂದರೆ 'ತಿಮಿಂಗಿಲ ವಾಂತಿ ಮಾರುತ್ತಿದ್ದವರ ಬಂಧನ' ಎಂಬ ಸುದ್ದಿಯಷ್ಟೇ ಬರುತ್ತದೆ, ಇಂಥದ್ದು ಬರುವುದೇ ಅಪರೂಪ.

ಹನ್ನೊಂದು ಗಂಟೆಗೆ ದಡಕ್ಕೆ ಬಂದಾಗ ಹಸಿವೋ ಹಸಿವು. ಪಕ್ಕದ ವೆಲಿಗಮದಲ್ಲಿ ಒಂದು ಮನೆಯಲ್ಲಿ ಊಟ ಹೇಳಿದ್ದೆವು. ವೆಲಿ ಎಂದರೆ ಮರಳು, ಗಮ ಎಂದರೆ ಗ್ರಾಮ. ಮೀನು ತಿನ್ನುವವರಿಗೆ 'ಅಂಬುಲ್‌ತಿಯಲ್' ಎಂಬ ಹುಳಿ ಮೀನು, ಮಣ್ಣಿನ ಮಡಕೆಯಲ್ಲಿ ಒಣಗಲು ಬೇಯಿಸಿದ್ದು. ಫ್ರಿಜ್ ಇಲ್ಲದೆಯೇ ಕೆಲವು ದಿನ ಕೆಡುವುದಿಲ್ಲವಂತೆ. ಹುಳಿಗೆ ಹಾಕುವ 'ಗೊರಕ' ಎಂಬ ಕಪ್ಪು ಒಣ ಸಿಪ್ಪೆಯನ್ನು ಮನೆಯಾಕೆ ತೋರಿಸಿದಾಗ ಶಿರಸಿ ಕಡೆಯ ನಮ್ಮ ಗೆಳತಿ, "ಅಯ್ಯೋ, ಇದು ನಮ್ಮ ಉಪ್ಪಾಗೆ!" ಎಂದು ಕೂಗಿಬಿಟ್ಟರು. ನಿಜ, ಅದೇ ಮರ. ತವರಿನವರು ಸಿಕ್ಕಂತೆ ಆಕೆ ಆ ಸಿಪ್ಪೆಯನ್ನು ಮೂಸಿದ್ದೇ ಮೂಸಿದ್ದು. ಕೊನೆಗೆ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ 'ಕಿತುಲ್' ಬೆಲ್ಲದ ಪಾಕ. ಕಿತುಲ್ ಎಂದರೆ ನಮ್ಮ ಬೈನೆ ಮರ.

ತೆಂಗಿನ ಊರಿನವರಾದ ನಾವು ಸೋತದ್ದು ಮಾತ್ರ 'ಪೊಲ್ ಸಂಬೋಲ್' ಎಂಬ ಕಾಯಿ ಚಟ್ನಿಗೆ. ಮೀನಿಲ್ಲದೆ ಹೀಗೆ ಮಾಡಿ. ಹತ್ತು ಒಣಮೆಣಸಿನಕಾಯಿ, ಎಂಟು ಸಾಂಬಾರ್ ಈರುಳ್ಳಿ, ಉಪ್ಪು, ಇಷ್ಟನ್ನು ಒರಳಲ್ಲಿ ಕುಟ್ಟಿ. ಒಂದು ಹೋಳು ಕಾಯಿತುರಿ ಹಾಕಿ, ತುರಿ ಕೆಂಪಾಗುವವರೆಗೆ ಮತ್ತೆ ಕುಟ್ಟಿ. ನುಣ್ಣಗೆ ಆಗಬಾರದು. ಅರ್ಧ ನಿಂಬೆಹಣ್ಣು ಹಿಂಡಿ, ಕೈಯಿಂದ ಕಲಸಿ. ಒಗ್ಗರಣೆ ಇಲ್ಲ, ನೀರೂ ಇಲ್ಲ. ಮಿಕ್ಸಿಗೆ ಹಾಕಿದರೆ ಕೆಡುತ್ತದೆ, ನಾನು ಹಾಕಿ ನೋಡಿದ್ದೇನೆ. ರೊಟ್ಟಿಗೆ ಬಹಳ ಚೆನ್ನ.

ಮಧ್ಯಾಹ್ನ ಅದೇ ಊರಿನಲ್ಲಿ 'ಬೀರಲು' ಲೇಸು ಹೆಣೆಯುವುದನ್ನು ನೋಡಿದೆವು. ಪೋರ್ಚುಗೀಸರಿಂದ ಬಂದದ್ದು ಎನ್ನುತ್ತಾರೆ. ದುಂಡು ದಿಂಬಿನ ಮೇಲೆ ತೂತು ಚುಚ್ಚಿದ ಕಾಗದದ ನಮೂನೆ, ಅದರ ಮೇಲೆ ಗುಂಡುಸೂಜಿಗಳು. ದಾರ ಸುತ್ತಿದ ಮರದ ಕಡ್ಡಿಗಳು ಹತ್ತಾರು. ಅವನ್ನು ಎರಡೆರಡಾಗಿ ಅಡ್ಡ ಹಾಕಿ, ತಿರುವಿ, ಸೂಜಿಗೆ ಸಿಕ್ಕಿಸುತ್ತ ಹೋಗುವುದು. ಕಟಕಟ ಎಂದು ಕಡ್ಡಿಗಳ ಸದ್ದು. ಕ್ರೋಷಾ ಬಲ್ಲ ನಮ್ಮ ಕಣ್ಣಿಗೂ ಆ ಅಜ್ಜಿಯ ಬೆರಳು ಹಿಡಿಯಲಾಗಲಿಲ್ಲ. ದಿನವೆಲ್ಲ ಕೂತರೆ ಕೆಲವೇ ಅಂಗುಲವಂತೆ. ಸೊಸೆ ಕಲಿತಿಲ್ಲ, ಹೋಟೆಲಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅಲ್ಲಿ ಸಂಬಳ ಬರುತ್ತದೆ ಎಂದರು. ಹುಟ್ಟುಗುಣ ನೋಡಿ, ನಾನು ಅಲ್ಲೂ ಚೌಕಾಸಿಗೆ ಇಳಿದೆ. ಮೇಡಂ ಮಾತಾಡಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಹೇಳಿದಷ್ಟು ಕೊಟ್ಟು ಒಂದು ಗಜ ತಂದೆ.

ಹೊತ್ತು ಮುಳುಗುವ ವೇಳೆಗೆ ಕೊಗ್ಗಲದ ಹತ್ತಿರ, ಕಡಲಿನಲ್ಲಿ ನೆಟ್ಟ ಗೂಟದ ಮೇಲೆ ಕೂತು ಗಾಳ ಹಾಕುವವರನ್ನು ಕಂಡೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಊಟಕ್ಕೆ ಕಷ್ಟವಾಗಿ, ಬಂಡೆಗಳ ಮೇಲೆ ನಿಲ್ಲಲು ಜಾಗ ಸಾಲದೆ, ಹೀಗೆ ಗೂಟ ನೆಟ್ಟುಕೊಂಡರಂತೆ. ಸುನಾಮಿಯ ನಂತರ ಅದು ಬಹಳ ಕಡಿಮೆಯಾಯಿತು. ಈಗ ಅಲ್ಲಿ ಕೂರುವವರು ಹೆಚ್ಚಾಗಿ ಫೋಟೋಗಾಗಿ ಕೂರುವವರು, ಹಣ ಕೇಳುತ್ತಾರೆ. "ಮೋಸ ಕಣ್ರೀ" ಎಂದರು ನಮ್ಮ ಜೊತೆಯವರು. ನನಗೆ ಹಾಗನ್ನಿಸಲಿಲ್ಲ. ಅವನ ತಾತ ಆ ಗೂಟದ ಮೇಲೆ ಮೀನಿಗಾಗಿ ಗಂಟೆಗಟ್ಟಲೆ ಕೂತ, ಇವನು ನಮ್ಮಂಥವರಿಗಾಗಿ ಕೂತಿದ್ದಾನೆ. ಬೆಳಿಗ್ಗೆ ಹುಡುಗ ವಾಪಸು ಕೊಟ್ಟಿದ್ದ ನೋಟು ಇನ್ನೂ ಚೀಲದ ಮೇಲೆಯೇ ಇತ್ತು. ಅದನ್ನು ಇವನಿಗೆ ಕೊಟ್ಟೆ.

ಊರಿಗೆ ಬಂದ ಮೇಲೆ ಯಜಮಾನರು ಮೊದಲು ಕೇಳಿದ್ದು, "ತಿಮಿಂಗಿಲದ ಫೋಟೋ ಎಲ್ಲಿ?" ನನ್ನ ಫೋನಿನಲ್ಲಿರುವುದು ಬರೀ ನೀರು, ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ. "ಇದೇನು?" ಎಂದರು. "ದೊಡ್ಡದರ ಉಸಿರು" ಎಂದೆ. "ಮರಿದು?" ಅದು ಫೋಟೋದಲ್ಲಿ ಬಂದಿಲ್ಲ.